ಆವತ್ತು ಯಾರ್ಯಾರು ನುಡಿಸಿದರು

ಆ ರಾತ್ರಿ ಜಾಝ್ ಕೇಳಲು ಬಂದವರು 11 ಜನ. ವೇದಿಕೆ ಮೇಲೆ ಮೂವರು. ಪಿಯಾನೋ, ಬಾಸ್, ಡ್ರಮ್ಸ್. ಹೊರಗೆ ಜಡಿಮಳೆ. ತಲೆ ಎಣಿಸುವ ಅಭ್ಯಾಸ ನನಗೆ ಮೊದಲು ಇರಲಿಲ್ಲ. ಆದರೆ ಮೊದಲ ಸೆಟ್ ಮುಗಿದಾಗ ಬಾಸ್ ನುಡಿಸುವವರು ನಮ್ಮ ಕಡೆ ನೋಡಿ ಎಣಿಸುತ್ತಿದ್ದುದು ಕಂಡಿತು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಹಾಗಾಗಿ ನಾನೂ ಎಣಿಸಿದೆ. ಅವರು ಎಣಿಕೆ ಮುಗಿಸಿ, ಕಮಾನಿಗೆ ರಾಳ ಉಜ್ಜಿಕೊಂಡು, ಎರಡನೇ ಸೆಟ್‌ಗೆ ಎದ್ದು ನಿಂತರು.

ಆ ಸೆಟ್‌ನಲ್ಲಿ ಒಂದು ನಿಧಾನದ ಬ್ಯಾಲಡ್ ಬಂತು. ಡ್ರಮ್ಮರ್ ಬ್ರಷ್‌ಗಳನ್ನು ಸ್ನೇರ್ ಡ್ರಮ್ ಮೇಲೆ ಸವರುತ್ತಿದ್ದರು. ಬ್ರಷ್ ಸದ್ದು ಯಾವುದು, ಮಳೆ ಸದ್ದು ಯಾವುದು ಅಂತ ಬಿಡಿಸಿ ಹೇಳುವುದು ಕಷ್ಟವಾಗಿತ್ತು. ಅವರಿಗೂ ಹಾಗೇ ಅನ್ನಿಸಿರಬೇಕು. ಎಂಟು ಬಾರ್, ಅಂದರೆ ತಾಳದ ಎಂಟು ಆವರ್ತ, ಕೈ ಮೇಲೆತ್ತಿ ಸುಮ್ಮನೆ ಕೂತರು. ತಾಳವನ್ನು ಮಳೆಗೆ ಬಿಟ್ಟುಕೊಟ್ಟರು. ಪಿಯಾನೋ ನುಡಿಸುವವರು ತಲೆ ಎತ್ತಿ ನಕ್ಕರು. ಆಮೇಲೆ ಬ್ರಷ್ ಮತ್ತೆ ಇಳಿಯಿತು.

ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ರಟ್ಟಿನ ಡಬ್ಬದಲ್ಲಿ ಸಿಡಿಗಳು. ನಾನೊಂದು ತಗೊಂಡೆ. ಪಿಯಾನೋದವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಇವತ್ತು ನಾಲ್ಕು ಹೋದವು. ನಾಳೆ ವ್ಯಾನಿಗೆ ಇಂಧನದ ಚಿಂತೆ ಇಲ್ಲ" ಅಂದರು. ಸುಮ್ನೆ ಮಾತಿಗೆ ಹೇಳಿದ್ದಲ್ಲ ಅದು. ಲೆಕ್ಕ.

ಮನೆಗೆ ಬಂದು ನನ್ನ ಕಪಾಟಿನ ಮುಂದೆ ನಿಂತೆ. ಒಂದು ಗೋಡೆ ತುಂಬಾ ಎಲ್‌ಪಿಗಳು. ಕೆಳಗಿನ ಎರಡು ಸಾಲು ಸಿಡಿ. 20 ವರ್ಷದ ಸಂಗ್ರಹ. ಒಂದೊಂದನ್ನೂ ಹುಡುಕಿ, ಕಾದು, ಕೆಲವೊಮ್ಮೆ ತಿಂಗಳುಗಟ್ಟಲೆ ಹಣ ಕೂಡಿಟ್ಟು ತಂದದ್ದು. ಅವತ್ತು ಮೊದಲ ಸಲ ಒಂದು ಪ್ರಶ್ನೆ ಹುಟ್ಟಿತು. ಇದರಲ್ಲಿ ಎಷ್ಟು ಹಣ ನುಡಿಸಿದವರ ಕೈಗೆ ಹೋಗಿದೆ? ಹಳೇ ರೆಕಾರ್ಡ್ ಕೈ ಬದಲಾಯಿಸಿದರೆ ಮಾರಿದವರಿಗೆ ದುಡ್ಡು ಬರುತ್ತದೆ. ಕಲಾವಿದರಿಗಾಗಲಿ, ಅವರ ಮಕ್ಕಳಿಗಾಗಲಿ ಏನೂ ಬರುವುದಿಲ್ಲ. ನನ್ನ ಕಪಾಟಿನ ಮುಕ್ಕಾಲು ಪಾಲು ಅಂಥದ್ದೇ. ಪ್ರೀತಿ ಇತ್ತು, ಖರ್ಚೂ ಇತ್ತು. ಆದರೆ ಆ ಖರ್ಚಿನಿಂದ ಯಾವ ವ್ಯಾನೂ ಮುಂದಿನ ಊರಿಗೆ ಹೋಗಿರಲಿಲ್ಲ.

ಸಂಗ್ರಹಿಸುವುದು ತಪ್ಪು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅದರ ಖುಷಿ ನನಗೆ ಚೆನ್ನಾಗಿ ಗೊತ್ತು. ಬ್ಲೂ ನೋಟ್ ಅನ್ನುವ ಜಾಝ್ ಕಂಪನಿಯ ಹಳೇ ಎಲ್‌ಪಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೊನೆಯ ಹಾಡಿಗೂ ಲೇಬಲ್‌ಗೂ ನಡುವೆ ಖಾಲಿ ಜಾಗ ಇರುತ್ತದೆ. ನಾವು ಅದನ್ನು ಡೆಡ್ ವ್ಯಾಕ್ಸ್ ಅನ್ನುತ್ತೇವೆ. ಅಲ್ಲಿ ಆರ್‌ವಿಜಿ ಅಂತ ಸಣ್ಣ ಅಕ್ಷರ ಕಾಣಿಸಿದರೆ, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವಾನ್ ಗೆಲ್ಡರ್ ಕೈಯಲ್ಲಿ ಆ ಡಿಸ್ಕಿನ ಮೂಲ ಮಾಸ್ಟರ್ ಕೊರೆಯಲ್ಪಟ್ಟಿದೆ ಅಂತ ಅರ್ಥ. ಕಣ್ಣಿನ ಪರೀಕ್ಷೆ ಅವರ ಹೊಟ್ಟೆಪಾಡು. ನ್ಯೂ ಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯೇ ಅವರ ಸ್ಟುಡಿಯೋ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ಗೆ ಹೋಗುವವರೆಗೂ ಜಾಝ್‌ನ ಎಷ್ಟೋ ದೊಡ್ಡ ರೆಕಾರ್ಡಿಂಗ್‌ಗಳು ಆದದ್ದು ಆ ಮನೆಯಲ್ಲಿ. ಅದೇ ಡೆಡ್ ವ್ಯಾಕ್ಸ್‌ನಲ್ಲಿ ಇನ್ನೊಂದು ಗುರುತು ಇರುತ್ತದೆ. ಪ್ಲಾಸ್ಟಿಲೈಟ್ ಅನ್ನುವ, ಡಿಸ್ಕ್ ಒತ್ತುವ ಕಾರ್ಖಾನೆಯದು. ಪಿ ಅಕ್ಷರ, ಆದರೆ ನೋಡಲು ಕಿವಿಯ ಹಾಗಿದೆ. ಸಂಗ್ರಾಹಕರೆಲ್ಲ ಅದನ್ನು ಕಿವಿ ಅಂತಲೇ ಕರೆಯುತ್ತಾರೆ. ಕಿವಿ ಸಿಕ್ಕ ದಿನ ನಿದ್ದೆ ಬರುವುದಿಲ್ಲ.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? 1959ರ ಮಾರ್ಚ್ 2ರಂದು ಅದರ ಮೊದಲ ಬದಿ ರೆಕಾರ್ಡ್ ಆಯಿತು. ಆವತ್ತು ಮುಖ್ಯ ಟೇಪ್ ಯಂತ್ರ ಒಂಚೂರು ನಿಧಾನವಾಗಿ ಓಡಿತ್ತು. ಅದರಿಂದ ಡಿಸ್ಕ್ ಮೇಲೆ ಆ ಬದಿಯ ಮೂರೂ ಟ್ಯೂನ್‌ಗಳು ಸ್ವಲ್ಪ ವೇಗವಾಗಿ, ಶ್ರುತಿ ಸ್ವಲ್ಪ ಮೇಲೇರಿ ಬಂದವು. ಜೊತೆಗೆ ಓಡಿಸಿದ್ದ ಇನ್ನೊಂದು ಟೇಪ್‌ನಿಂದ ಇದನ್ನು ಸರಿಮಾಡಿದ್ದು 1992ರಲ್ಲಿ. ಅಲ್ಲಿಯವರೆಗೆ ರೆಕಾರ್ಡ್ ಹಾಕಿಕೊಂಡು ಜೊತೆಗೆ ನುಡಿಸಿ ಕಲಿಯುತ್ತಿದ್ದವರು ತಮ್ಮ ವಾದ್ಯದ ಶ್ರುತಿಯೇ ಕೆಟ್ಟಿದೆ ಅಂದುಕೊಂಡಿರಬೇಕು. ನನ್ನ ಹತ್ತಿರ ಎರಡೂ ಇವೆ. ಎರಡನ್ನೂ ಒಂದಾದ ಮೇಲೊಂದು ಕೇಳುವಾಗ ಆ ಸ್ಟುಡಿಯೋದ ಬಾಗಿಲು ತೆರೆದು ಒಳಗೆ ಇಣುಕಿದ ಹಾಗಾಗುತ್ತದೆ.

ಇನ್ನೊಂದು ಮಾತು. ಜಾಝ್‌ನಲ್ಲಿ ಉಳಿದಿರುವುದರಲ್ಲಿ ಎಷ್ಟೋ ಭಾಗ ಉಳಿದದ್ದು ಕೇಳುಗರಿಂದ. ಆವತ್ತು ರಾತ್ರಿ ನುಡಿಸಿದ್ದು ಮತ್ತೆ ಹಾಗೇ ಬರುವುದಿಲ್ಲ. ಯಾರಾದರೂ ಹಿಡಿದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನ್ಯೂ ಆರ್ಲಿಯನ್ಸ್‌ನ ಬಡ್ಡಿ ಬೋಲ್ಡನ್ ಅವರ ಕಾರ್ನೆಟ್ (ಟ್ರಂಪೆಟ್ ಥರದ ವಾದ್ಯ) ಬಗ್ಗೆ ಅವರ ಕಾಲದವರು ಹೇಳಿದ್ದನ್ನೆಲ್ಲ ಓದಿದ್ದೇನೆ. ಅವರು ನುಡಿಸಿದ ಒಂದೇ ಒಂದು ಸ್ವರ ಕೂಡ ಇವತ್ತು ಕೇಳಲು ಸಿಗುವುದಿಲ್ಲ. ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್‌ನಲ್ಲಿ 1941ರಲ್ಲಿ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಗಿಟಾರ್ ಮಾತ್ರ ಸಿಗುತ್ತದೆ. ಕಾರಣ, ಜೆರ್ರಿ ನ್ಯೂಮನ್ ಅನ್ನುವ ಕಾಲೇಜು ಹುಡುಗ ತನ್ನ ಡಿಸ್ಕ್ ಕೊರೆಯುವ ಯಂತ್ರವನ್ನು ಅಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದ. ಕ್ರಿಶ್ಚಿಯನ್ ಮುಂದಿನ ವರ್ಷವೇ ತೀರಿಕೊಂಡರು. ವಯಸ್ಸು 25. ಬೀಬಾಪ್ ಅನ್ನುವ ಹೊಸ ಜಾಝ್ ಶೈಲಿ ಹುಟ್ಟುತ್ತಿದ್ದ ಕಾಲ ಅದು. ಸದ್ದು ಒರಟಾಗಿದೆ, ಜನ ಮಾತಾಡುತ್ತಿದ್ದಾರೆ. ಆದರೆ ಗಿಟಾರ್ ಒಂದೇ ಉಸಿರಿಗೆ ಓಡುತ್ತಲೇ ಇದೆ.

ಇಂಥವರಲ್ಲಿ ನನ್ನನ್ನು ಜಾಸ್ತಿ ಕಾಡಿದವರು ಡೀನ್ ಬೆನೆಡೆಟ್ಟಿ. ಸ್ವತಃ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು. 1947 ಮತ್ತು 48ರಲ್ಲಿ ಬೀಬಾಪ್‌ನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕೆಲವು ಕ್ಲಬ್‌ಗಳಿಗೆ ಯಂತ್ರ ಹಿಡಿದು ಹೋದರು. ಡಿಸ್ಕ್ ದುಬಾರಿ, ಜಾಗ ಕಡಿಮೆ. ಹಾಗಾಗಿ ಪಾರ್ಕರ್ ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಶುರುವಾದಾಗ ಯಂತ್ರ ಓಡಿಸುತ್ತಿದ್ದರು. ಸೋಲೋ ಮುಗಿದ ತಕ್ಷಣ ನಿಲ್ಲಿಸುತ್ತಿದ್ದರು. ಆ ರೆಕಾರ್ಡಿಂಗ್‌ಗಳು 1990ರಲ್ಲಿ ಮೊಸಾಯಿಕ್ ಸಂಸ್ಥೆಯಿಂದ ಏಳು ಸಿಡಿಗಳಾಗಿ ಬಂದವು. ನನ್ನ ಕಪಾಟಿನಲ್ಲಿವೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಾರ್ಕರ್ ಹಾರುತ್ತಾರೆ, ಏರುತ್ತಾರೆ, ಆಮೇಲೆ ಇದ್ದಕ್ಕಿದ್ದಂತೆ ಕತ್ತರಿ ಬೀಳುತ್ತದೆ. ಪಕ್ಕದಲ್ಲಿ ಟ್ರಂಪೆಟ್ ಹಿಡಿದು ಉಸಿರೆಳೆದುಕೊಂಡು ನಿಂತಿದ್ದವರು ಏನು ನುಡಿಸಿದರು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಆ ಕತ್ತರಿ ನನಗೆ ಲೆಕ್ಕಕ್ಕೇ ಇರಲಿಲ್ಲ. ನನಗೂ ಪಾರ್ಕರ್ ಮಾತ್ರ ಬೇಕಾಗಿತ್ತು. ಈಗ ಪ್ರತಿ ಸಲ ಆ ಜಾಗದಲ್ಲಿ ಸಂಕಟ ಆಗುತ್ತದೆ. ಬೆನೆಡೆಟ್ಟಿ ಬಗ್ಗೆ ನನ್ನ ಗೌರವ ಕಡಿಮೆ ಆಗಿಲ್ಲ. ಅಷ್ಟು ಪ್ರೀತಿ ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಆ ರಾತ್ರಿ ನುಡಿಸಿದವರು ಒಬ್ಬರಲ್ಲ. ಬಾಸ್ ಹಿಂದೆ ಇರದಿದ್ದರೆ, ಡ್ರಮ್ಸ್ ತಳ್ಳದಿದ್ದರೆ ಪಾರ್ಕರ್ ಆ ಕಡೆಗೆ ಹೋಗುತ್ತಲೇ ಇರಲಿಲ್ಲವೇನೋ.

ಜಾಝ್‌ನಲ್ಲಿ ಹೀಗೆ ಹೆಸರಿಲ್ಲದೆ ಹೋದವರು ಎಷ್ಟೋ ಜನ. 78 ವೇಗದ ಹಳೇ ಡಿಸ್ಕ್‌ಗಳ ಲೇಬಲ್ ನೋಡಿ. ಸಾಮಾನ್ಯವಾಗಿ ತಂಡದ ಹೆಸರು ಮಾತ್ರ ಇರುತ್ತದೆ. ಯಾರ್ಯಾರು ನುಡಿಸಿದರು ಅಂತ ಕಂಪನಿಗಳು ಬರೆಯುತ್ತಿರಲಿಲ್ಲ. ಅದನ್ನು ಪತ್ತೆ ಮಾಡಿದವರು ಅಭಿಮಾನಿಗಳು. ಪ್ಯಾರಿಸ್‌ನ ಶಾರ್ಲ್ ಡೆಲೊನೆ 1936ರಲ್ಲಿ ಜಾಝ್ ರೆಕಾರ್ಡ್‌ಗಳ ದೊಡ್ಡ ಪಟ್ಟಿಯನ್ನು ಪುಸ್ತಕವಾಗಿ ತಂದರು. ಯಾವ ದಿನ, ಯಾವ ಊರು, ಯಾವ ವಾದ್ಯಕ್ಕೆ ಯಾರು ಅನ್ನುವ ವಿವರ. ಡಿಸ್ಕಾಗ್ರಫಿ ಅಂತ ಇವತ್ತು ಕರೆಯುವ ಶಿಸ್ತು ಬೆಳೆದದ್ದು ಇಂಥ ಕೆಲಸದಿಂದ. ಸಂಗ್ರಾಹಕರ ಬಗ್ಗೆ ಹೆಮ್ಮೆ ಪಡಬೇಕಾದರೆ ನಾನು ಮೊದಲು ಹೇಳುವುದು ಇದನ್ನು. ಮೂಲ ಪ್ರೆಸ್ಸಿಂಗ್, ಅಂದರೆ ಮೊದಲು ಒತ್ತಿದ ಡಿಸ್ಕ್, ಇಟ್ಟುಕೊಂಡಿರುವುದು ಆಮೇಲಿನ ಮಾತು. ತಂಡದ ನಾಯಕರ ಜೊತೆ ನುಡಿಸಿದ ಸೈಡ್‌ಮನ್‌ಗಳ ಹೆಸರು ಉಳಿಸಿದ್ದು ದೊಡ್ಡದು.

ಹೆಸರು ಉಳಿಯಿತು, ಸರಿ. ಊಟಕ್ಕೆ? ಇದು ಹಳೇ ಜಗಳ. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಸಂಘ ರೆಕಾರ್ಡಿಂಗ್ ಮಾಡುವುದನ್ನೇ ನಿಲ್ಲಿಸಿತು. ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲೋ. ಅವರ ತಕರಾರು ಸರಳ. ರೇಡಿಯೋದಲ್ಲೂ, ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್‌ನಲ್ಲೂ ರೆಕಾರ್ಡ್ ತಿರುಗುತ್ತಿದ್ದರೆ ಬದುಕಿರುವ ವಾದಕರಿಗೆ ಕೆಲಸ ಎಲ್ಲಿಂದ ಬರಬೇಕು? ದೊಡ್ಡ ಕಂಪನಿಗಳು ಪೂರ್ತಿ ಒಪ್ಪಿದ್ದು 1944ರ ನವೆಂಬರ್‌ನಲ್ಲಿ. ಪ್ರತಿ ಡಿಸ್ಕ್‌ಗೆ ಇಷ್ಟು ಅಂತ ಒಂದು ನಿಧಿಗೆ ಕೊಡಬೇಕಾಯಿತು. ಆ ನಿಧಿಯಿಂದ ಕೆಲಸ ಇಲ್ಲದ ವಾದಕರಿಗೆ ಕಾರ್ಯಕ್ರಮ ಕೊಟ್ಟರು. ಸಂಗ್ರಾಹಕರಾಗಿ ನಮಗೆ ಈ ಮುಷ್ಕರದ ಮೇಲೆ ಸಿಟ್ಟು ಬರುವುದು ಸಹಜ. ಬೀಬಾಪ್‌ನ ಎಳೆಯ ವರ್ಷಗಳು ಸ್ಟುಡಿಯೋಗೆ ಬರದೇ ಕಳೆದುಹೋದವು. ನನಗೂ ಸಿಟ್ಟಿತ್ತು. ಆ ಮಳೆಯ ರಾತ್ರಿ ಆದ ಮೇಲೆ ಪೆಟ್ರಿಲೋ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಂತ ಗೊತ್ತಾಯಿತು.

ಈಗಲೂ ಅಮೆರಿಕದ ಎಎಂ, ಎಫ್‌ಎಂ ರೇಡಿಯೋದಲ್ಲಿ ರೆಕಾರ್ಡ್ ಹಾಕಿದರೆ ಟ್ಯೂನ್ ಬರೆದವರಿಗೆ ದುಡ್ಡು ಬರುತ್ತದೆ. ನುಡಿಸಿದವರಿಗೆ ಬರುವುದಿಲ್ಲ. ಜಾಝ್‌ಗೆ ಇದು ಎಂಥ ಪೆಟ್ಟು ನೋಡಿ. ಕೋಲ್‌ಮನ್ ಹಾಕಿನ್ಸ್ 1939ರಲ್ಲಿ 'ಬಾಡಿ ಅಂಡ್ ಸೋಲ್' ರೆಕಾರ್ಡ್ ಮಾಡಿದರು. ಮೊದಲ ಕೆಲವು ಬಾರ್ ಬಿಟ್ಟರೆ ಮೂಲ ಟ್ಯೂನ್ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿದದ್ದೆಲ್ಲ ಹಾಕಿನ್ಸ್ ಆ ಕ್ಷಣಕ್ಕೆ ಕಟ್ಟಿದ್ದು. ಜನ ಕೇಳಿದ್ದು ಅದನ್ನೇ, ಸ್ಯಾಕ್ಸೋಫೋನ್ ಕಲಿಯುವವರು ಸ್ವರ ಸ್ವರ ಬಾಯಿಪಾಠ ಮಾಡಿದ್ದೂ ಅದನ್ನೇ. ರೇಡಿಯೋದ ಹಣ ಮಾತ್ರ ಮೂಲ ಟ್ಯೂನ್‌ನವರಿಗೆ. ಪಾರ್ಕರ್ ಕಾಲದವರು ಹಳೇ ಹಾಡುಗಳ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಂಪು) ಚೌಕಟ್ಟಿನ ಮೇಲೆ ಹೊಸ ಟ್ಯೂನ್ ಕಟ್ಟಿ ಬೇರೆ ಹೆಸರಿಟ್ಟದ್ದಕ್ಕೆ ಇದೂ ಒಂದು ಕಾರಣ.

ಸ್ಟ್ರೀಮಿಂಗ್ ಬಂದ ಮೇಲೆ ಲೆಕ್ಕ ಇನ್ನೂ ವಿಚಿತ್ರ ಆಗಿದೆ. 30 ಸೆಕೆಂಡ್ ಕೇಳಿದರೆ ಒಂದು ಪ್ಲೇ. ಎರಡು ನಿಮಿಷದ ಹಾಡಿಗೂ ಒಂದು, 20 ನಿಮಿಷ ಮೂವರು ಸೇರಿ ಕಟ್ಟಿದ ಟ್ಯೂನ್‌ಗೂ ಒಂದು. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಸಾವಿರ ಪ್ಲೇ ಆಗದ ಟ್ರ್ಯಾಕ್‌ಗೆ ಏನೂ ಇಲ್ಲ. ಸಣ್ಣ ತಂಡದ ಆಲ್ಬಮ್‌ನಲ್ಲಿ ಆರನೇ ಟ್ರ್ಯಾಕ್ ವರ್ಷಕ್ಕೆ ಸಾವಿರ ಸಲ ಓಡುವುದು ಸುಲಭವಲ್ಲ. ನಾನೂ ಸ್ಟ್ರೀಮಿಂಗ್ ಕೇಳುತ್ತೇನೆ. ಹೊಸಬರ ಪರಿಚಯ ಆಗುವುದು ಅಲ್ಲೇ. ಆದರೆ ಅಲ್ಲಿ ಕೇಳಿದ್ದು ಬೆಂಬಲ ಅಂತ ಈಗ ಅಂದುಕೊಳ್ಳುವುದಿಲ್ಲ.

ಮ್ಯಾಸಿ ಹಾಲ್ ಕಥೆ ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ನನಗೆ ಅದು ತುಂಬಾ ಹತ್ತಿರದ್ದು. 1953ರ ಮೇ 15, ಟೊರಾಂಟೊ. ಆ ಊರಿನ ಜಾಝ್ ಅಭಿಮಾನಿಗಳ ಸಂಘ ಒಂದು ಕಾರ್ಯಕ್ರಮ ಇಟ್ಟಿತು. ಕರೆದದ್ದು ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಅವರನ್ನು. ಐದೂ ಜನ ಒಂದೇ ವೇದಿಕೆಯಲ್ಲಿ! ಅದೇ ರಾತ್ರಿ ರಾಕಿ ಮಾರ್ಸಿಯಾನೋ ಮತ್ತು ಜೆರ್ಸಿ ಜೋ ವಾಲ್ಕಾಟ್ ನಡುವೆ ಜನ ಕಾದಿದ್ದ ಹೆವಿವೆಯ್ಟ್ ಬಾಕ್ಸಿಂಗ್ ಇತ್ತು. ಸಭಾಂಗಣ ತುಂಬಲಿಲ್ಲ. ಬಾಕ್ಸಿಂಗ್ ಮೊದಲ ಸುತ್ತಿಗೇ ಮುಗಿದುಹೋಯಿತು. ಇಲ್ಲಿ ಸಂಘದ ಕೈಯಲ್ಲಿ ಕಲಾವಿದರಿಗೆ ಪೂರ್ತಿ ಕೊಡಲು ಹಣ ಇರಲಿಲ್ಲ. ಪಾರ್ಕರ್ ಕೈಯಲ್ಲಿ ಆವತ್ತು ಇದ್ದದ್ದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್. ಮಿಂಗಸ್ ಟೇಪ್‌ಗಳನ್ನು ತಗೊಂಡು ಹೋದರು. ತಾವೂ ರೋಚ್ ಅವರೂ ಸೇರಿ ನಡೆಸುತ್ತಿದ್ದ ಡೆಬ್ಯೂ ಅನ್ನುವ ಸ್ವಂತ ಲೇಬಲ್‌ನಲ್ಲಿ ಅದನ್ನು ಹೊರತಂದರು. ಬಾಸ್ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಆಮೇಲೆ ಸ್ಟುಡಿಯೋದಲ್ಲಿ ಕೂತು ತಮ್ಮ ಬಾಸನ್ನು ಮತ್ತೆ ನುಡಿಸಿ ಸೇರಿಸಿದರು. ಪಾರ್ಕರ್ ಬೇರೆ ಕಂಪನಿಯ ಕರಾರಿನಲ್ಲಿದ್ದರು. ಹಾಗಾಗಿ ಅವರ ಜಾಗದಲ್ಲಿ 'ಚಾರ್ಲಿ ಚಾನ್' ಅಂತ ಹೆಸರು ಹಾಕಿದರು. ಆ ಐವರು ಮತ್ತೆ ಒಟ್ಟಿಗೆ ರೆಕಾರ್ಡ್ ಮಾಡಲಿಲ್ಲ.

ಆ ಸಂಘದ ಹುಡುಗರ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಮಾಡಿದ್ದರಲ್ಲಿ ಲೆಕ್ಕ ತಪ್ಪಿತು. ಕಲಾವಿದರಿಗೆ ನಷ್ಟ ಆಯಿತು, ಅದು ಸಣ್ಣ ಮಾತಲ್ಲ. ಆದರೆ ಅವರು ಕರೆಯದಿದ್ದರೆ ಆ ರಾತ್ರಿಯೇ ಇರುತ್ತಿರಲಿಲ್ಲ. ಬರದೇ ಹೋದ ಜನರಲ್ಲಿ ಕೆಲವರು ಆಮೇಲೆ ಆ ರೆಕಾರ್ಡ್ ಕೊಂಡಿರುತ್ತಾರೆ. ಖಾಲಿ ಕುರ್ಚಿಗಳಲ್ಲಿ ಒಂದರಲ್ಲಿ ಕೂರಬಹುದಿತ್ತು ಅಂತ ಹಲುಬಿರುತ್ತಾರೆ.

ನಾನು ಈಗ ಏನು ಮಾಡುತ್ತೇನೆ ಅಂತ ಹೇಳಬೇಕು. ಟಿಕೆಟ್ ಬೇಗ ತಗೊಳ್ಳುತ್ತೇನೆ. ಕೊನೇ ದಿನ ಬಾಗಿಲಲ್ಲಿ ತಗೊಂಡರೂ ಹಣ ಅಷ್ಟೇ. ಆದರೆ ಕಾರ್ಯಕ್ರಮ ನಡೆಸಬೇಕೋ ರದ್ದು ಮಾಡಬೇಕೋ ಅಂತ ಸಂಘಟಕರು ತೀರ್ಮಾನ ಮಾಡುವುದು ಮುಂಗಡ ಮಾರಾಟ ನೋಡಿ. ಸಂಗೀತದ ನಡುವೆ ಮಾತಾಡದ ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಬಾಸ್ ಸೋಲೋ ಬಂದಾಗ ಜನ ಮಾತು ಶುರು ಮಾಡುತ್ತಾರಲ್ಲ, ಆಗ ಕನಿಷ್ಠ ಇಬ್ಬರಾದರೂ ಕೇಳುತ್ತಿದ್ದಾರೆ ಅಂತ ವೇದಿಕೆಗೆ ಕಾಣಬೇಕು. ಮೇಜಿನಿಂದ ಸಿಡಿ ತಗೊಳ್ಳುತ್ತೇನೆ, ಆಲ್ಬಮ್ ಮನೆಯಲ್ಲಿ ಇದ್ದರೂ ಒಂದೊಂದು ಸಲ ಇನ್ನೊಂದು ತಗೊಂಡು ಯಾರಿಗಾದರೂ ಕೊಡುತ್ತೇನೆ. ದೂರದವರದ್ದಾದರೆ ಬ್ಯಾಂಡ್‌ಕ್ಯಾಂಪ್ ಜಾಲತಾಣ. ಅಲ್ಲಿ ಹಣದ ಬಹುಪಾಲು ಕಲಾವಿದರಿಗೇ ಹೋಗುತ್ತದೆ.

ರೆಕಾರ್ಡ್ ಆಗುವ ಮೊದಲೇ ಹಣ ಕೊಡುವುದಕ್ಕೆ ನನಗೆ ಹಿಂಜರಿಕೆ ಇತ್ತು. ಜಾಝ್ ಸಂಯೋಜಕಿ ಮರಿಯಾ ಷ್ನೈಡರ್ ಆ ಹಿಂಜರಿಕೆ ಬಿಡಿಸಿದರು. 2004ರ ಅವರ 'ಕನ್ಸರ್ಟ್ ಇನ್ ದ ಗಾರ್ಡನ್' ಆಲ್ಬಮ್‌ಗೆ ಆರ್ಟಿಸ್ಟ್‌ಶೇರ್ ಅನ್ನುವ ಜಾಲತಾಣದ ಮೂಲಕ ಕೇಳುಗರೇ ಮುಂಗಡ ಹಣ ಹಾಕಿದ್ದರು. ಅಂಗಡಿಗೆ ಬರಲೇ ಇಲ್ಲ ಅದು. ಮುಂದಿನ ವರ್ಷ ಗ್ರ್ಯಾಮಿ ಗೆದ್ದಿತು. ದೊಡ್ಡ ಆರ್ಕೆಸ್ಟ್ರಾದ ಸಂಗೀತ ಅದು, ಖರ್ಚಿನ ಬಾಬತ್ತು. ಕೇಳುಗರು ಕೈ ಸೇರಿಸದಿದ್ದರೆ ಕಾಗದದ ಮೇಲೇ ಉಳಿಯಬಹುದಿತ್ತು.

ಮೂರು ಸಲ ಪ್ರವಾಸದ ತಂಡಗಳಿಗೆ ನನ್ನ ಮನೆಯಲ್ಲಿ ಜಾಗ ಕೊಟ್ಟಿದ್ದೇನೆ. ಆಗ ಗೊತ್ತಾಗುವುದು ಪ್ರವಾಸ ಅಂದರೆ ಏನು ಅಂತ. ಎರಡು ಗಂಟೆ ಸಂಗೀತ, ಉಳಿದದ್ದೆಲ್ಲ ಸಾಮಾನು ಹೊರುವುದು. ಡ್ರಮ್ಮರ್ ತಮ್ಮ ಸಿಂಬಲ್‌ಗಳನ್ನು (ಲೋಹದ ತಟ್ಟೆಗಳನ್ನು) ಮಾತ್ರ ಹೊತ್ತು ತರುತ್ತಾರೆ. ಉಳಿದ ಡ್ರಮ್‌ಗಳು ಆಯಾ ಜಾಗದ್ದು. ಪಿಯಾನೋ ನುಡಿಸುವವರು ಬರಿಗೈಯಲ್ಲಿ ಬರುತ್ತಾರೆ. ಪ್ರತಿ ರಾತ್ರಿ ಒಂದು ಅಪರಿಚಿತ ಪಿಯಾನೋ ಜೊತೆ ಸಂಸಾರ ಮಾಡಬೇಕು. ಬಾಸ್‌ನದ್ದು ದೊಡ್ಡ ಪಾಡು. ವಿಮಾನದಲ್ಲಿ ಒಯ್ಯುವುದೆಂದರೆ ಆಳೆತ್ತರದ ಗಟ್ಟಿ ಪೆಟ್ಟಿಗೆ ಬೇಕು. ಕುತ್ತಿಗೆ ಕಳಚಿ ಇಡಬಹುದಾದ ಬಾಸ್ ಮಾಡಿಸಿಕೊಂಡವರಿದ್ದಾರೆ. ಬಹಳ ಜನ ಹೋದ ಊರಿನಲ್ಲಿ ಎರವಲು ಪಡೆಯುತ್ತಾರೆ. ಸಂಜೆ ಐದಕ್ಕೆ ಕೈಗೆ ಬಂದ ವಾದ್ಯದಲ್ಲಿ ಎಂಟಕ್ಕೆ ತಮ್ಮ ಧ್ವನಿ ತರಬೇಕು. ಅದನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಹಳೇ ರೆಕಾರ್ಡ್‌ಗಳೂ ಬೇರೆ ಥರ ಕೇಳಿಸತೊಡಗಿವೆ.

ಪಿಯಾನೋ ವಾದಕ ಬಿಲ್ ಎವಾನ್ಸ್ ಅವರ ಮೂವರ ತಂಡ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ್ದನ್ನೇ ತಗೊಳ್ಳಿ. ಭಾನುವಾರ. ಮಧ್ಯಾಹ್ನ ಮತ್ತು ಸಂಜೆ ಸೇರಿ ಐದು ಸೆಟ್. ಗ್ಲಾಸ್‌ಗಳು ಒಂದಕ್ಕೊಂದು ತಾಗುವ ಸದ್ದು ಇದೆ. ಯಾರೋ ನಗುತ್ತಾರೆ. ಬಾಸ್ ನುಡಿಸಿದ ಸ್ಕಾಟ್ ಲಫಾರೋ 11 ದಿನ ಆದ ಮೇಲೆ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರಿಗೂ 25. ಮೊದಲೆಲ್ಲ ಮಾತಾಡುವ ಆ ಜನರ ಮೇಲೆ ನನಗೆ ಕೋಪ ಬರುತ್ತಿತ್ತು. ಇಂಥ ಸಂಗೀತದ ಮುಂದೆ ಹರಟೆಯೇ ಅಂತ. ಈಗ ಬರುವುದಿಲ್ಲ. ಅವರು ಟಿಕೆಟ್ ಕೊಂಡು ಬಂದು ಕೂತಿದ್ದರು. ಆ ದಿನ ಅಲ್ಲಿ ಇದ್ದವರು ಅವರು.

ಈಗ ಒಂದು ಹೊಸ ಅಭ್ಯಾಸ ಇದೆ. ಕಾರ್ಯಕ್ರಮದಲ್ಲಿ ಕೊಂಡ ಪ್ರತಿ ಸಿಡಿಯೊಳಗೆ ಒಂದು ಚೀಟಿ ಇಡುತ್ತೇನೆ. ದಿನಾಂಕ. ಯಾರ್ಯಾರು ನುಡಿಸಿದರು, ಬದಲಿಗೆ ಬಂದವರ ಹೆಸರು ಕೂಡ. ಏನೇನು ನುಡಿಸಿದರು. ಮೇಜಿನ ಹತ್ತಿರ ನಿಂತು ಕೇಳಿದರೆ ಅವರು ಖುಷಿಯಿಂದ ಹೇಳುತ್ತಾರೆ. ಕೆಲವರು ಚೀಟಿ ಕಿತ್ತುಕೊಂಡು ತಾವೇ ಕಾಗುಣಿತ ತಿದ್ದುತ್ತಾರೆ. ಹೋದ ವಾರದ ಚೀಟಿ ನನ್ನ ಮುಂದಿದೆ. ಕ್ವಾರ್ಟೆಟ್. ಟೆನರ್ ಸ್ಯಾಕ್ಸೋಫೋನ್, ಪಿಯಾನೋ, ಬಾಸ್, ಡ್ರಮ್ಸ್, ನಾಲ್ಕೂ ಹೆಸರು ಪೂರ್ತಿ ಬರೆದಿದ್ದೇನೆ. ಬಾಸ್ ಎರವಲು. ಪಿಯಾನೋದಲ್ಲಿ ಮೇಲಿನ ಒಂದು ಮನೆ ಮೂಕ, ಅದನ್ನು ತಪ್ಪಿಸಿ ನುಡಿಸಿದರು. ಕೇಳುಗರು 26. ಸಿಡಿ ಒಂಬತ್ತು ಹೋದವು. ಎರಡನೇ ಸೆಟ್‌ನಲ್ಲಿ ಮೂರನೆಯದು ಹೊಸ ಟ್ಯೂನ್, ಇನ್ನೂ ಹೆಸರಿಟ್ಟಿಲ್ಲವಂತೆ. ಆ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಮತ್ತೆ ಬಂದಾಗ ಕೇಳಿ ತುಂಬಬೇಕು.